ಬೀದಿಯಿಲ್ಲದ ಊರಿಗೆ ಕಾಲೇಜು ಹೋದಾಗ

ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ವರ್ಷ ಮುಗಿಯುವ ಹೊತ್ತಿಗೆ ಎರಡು ಕೆಲಸ ಆಗಲೇಬೇಕು. ಒಂದು, ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಎಸ್‌ಎಸ್‌ನ, ಏಳು ದಿನಗಳ ವಿಶೇಷ ಶಿಬಿರ. ಇನ್ನೊಂದು, ವಾರ್ಷಿಕೋತ್ಸವದ ವೇದಿಕೆಯಲ್ಲಿ ಓದುವ ವಾರ್ಷಿಕ ವರದಿ. ಶಿಬಿರದಲ್ಲಿ ಕಾಲೇಜು ಊರಿಗೆ ಹೋಗುತ್ತದೆ. ವರದಿಯಲ್ಲಿ ಹೋಗಿಬಂದ ಲೆಕ್ಕ ಒಪ್ಪಿಸುತ್ತದೆ. ರಾಜ್ಯದ ಎಲ್ಲ ಕಡೆ ಇದೇ ಪದ್ಧತಿ. ಆದರೆ ಕುದುರೆಮುಖದ ಸುತ್ತಲಿನ ಕಾಫಿ ಸೀಮೆಯಲ್ಲಿ, ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಕೊಪ್ಪದ ಕಡೆ, ಇದು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಶಿಬಿರದ ನಿಯಮ ಬರೆದವರ ಕಣ್ಣ ಮುಂದಿದ್ದದ್ದು ಬಯಲುಸೀಮೆಯ ಹಳ್ಳಿ. ಅಲ್ಲಿ ಬೀದಿ ಇತ್ತು, ಅರಳಿಕಟ್ಟೆ ಇತ್ತು, ಸುಗ್ಗಿ ಮುಗಿದ ಮೇಲೆ ಬಿಡುವಿತ್ತು. ಮಲೆನಾಡಿನಲ್ಲಿ ಬೀದಿಯೂ ಇಲ್ಲ, ಶಿಬಿರ ನಡೆಯುವ ತಿಂಗಳುಗಳಲ್ಲಿ ಬಿಡುವೂ ಇಲ್ಲ.

ಊರಿನ ಅಗತ್ಯಕ್ಕೆ ತಕ್ಕಂತೆ ಕಲಿಸುವ, ಊರಿನವರೇ ಓದುವ, ಕಡಿಮೆ ಖರ್ಚಿನ ಕಾಲೇಜಿಗೆ ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ಹೆಸರಿದೆ. ಶಿಕಾಗೊ ಸಮೀಪದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಎರಡು ವರ್ಷದ ಕಾಲೇಜು ಅಲ್ಲಿನ ಹಿರಿಯಕ್ಕ. ಭಾರತದಲ್ಲಿ ಯುಜಿಸಿ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಇದೇ ಹೆಸರಿನ ಯೋಜನೆಯೊಂದನ್ನು ತಂದಿತು. ಇದ್ದ ಕಾಲೇಜುಗಳಲ್ಲೇ ಉದ್ಯೋಗಕ್ಕೆ ಬೇಕಾದ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ಕೋರ್ಸುಗಳನ್ನು ನಡೆಸುವುದು ಅದರ ಉದ್ದೇಶ. ಹೆಸರಿನ ಫಲಕ ಇರಲಿ ಬಿಡಲಿ, ಮಲೆನಾಡಿನಲ್ಲಿ ಆ ಕೆಲಸ ಮಾಡುತ್ತಿರುವುದು ತಾಲ್ಲೂಕು ಕೇಂದ್ರದ ಪದವಿ ಕಾಲೇಜು. ಮೂಡಿಗೆರೆಯ ಡಿ.ಎಸ್. ಬಿಳಿಗೌಡ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜು, ಶೃಂಗೇರಿಯ ಜೆಸಿಬಿಎಂ ಕಾಲೇಜು, ಎಲ್ಲವೂ 1987ರಲ್ಲಿ ಶಂಕರಘಟ್ಟದಲ್ಲಿ ತಲೆ ಎತ್ತಿದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಮಂಗಳೂರಿಗೋ ಬೆಂಗಳೂರಿಗೋ ಹಾಸ್ಟೆಲ್ ಹುಡುಕಿಕೊಂಡು ಹೋಗಲಾರದ ಸಣ್ಣ ಬೆಳೆಗಾರರ, ತೋಟದ ಕಾರ್ಮಿಕರ ಮಕ್ಕಳು ಇಂಥ ಕಾಲೇಜುಗಳಲ್ಲಿ ಓದುತ್ತಾರೆ. ಇಲ್ಲಿ ಕಾಲೇಜು ಊರಿಗೆ ಹೋಗುವುದೆಂದರೆ ಎಷ್ಟೋ ವಿದ್ಯಾರ್ಥಿಗಳಿಗೆ ಪಕ್ಕದ ಎಸ್ಟೇಟಿಗೆ ಹೋದ ಹಾಗೆ.

ವಿದ್ಯೆ ಕಾಲೇಜಿನ ಕಾಂಪೌಂಡು ದಾಟಬೇಕು ಎಂಬ ಮಾತು ಕನ್ನಡ ನಾಡಿಗೆ ಹೊಸದಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತು. ಕಾಲೇಜು ಸಂಘವೊಂದರ ಪತ್ರಿಕೆ ನಾಡಿನ ಪತ್ರಿಕೆಯಾಗಿ ಬೆಳೆದದ್ದು ಹಾಗೆ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸಗಳನ್ನು ಶುರುಮಾಡಿತು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯದ ಮೇಲೆ ಕನ್ನಡದಲ್ಲಿ ಮಾತಾಡಿದರು. ಆ ಮಾತುಗಳೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕಗಳಾದವು. ಮುಂದೆ ಪ್ರಸಾರಾಂಗ ಎಂಬ ಹೆಸರು ಪಡೆದದ್ದು ಇದೇ ಕೆಲಸ.

ಅದರ ಬೆನ್ನಿಗೇ ಇನ್ನೊಂದು ಪ್ರಯತ್ನ ನಡೆಯಿತು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸುವುದರ ಜೊತೆಗೆ, ಕಲಿತವರು ಮರೆಯದಿರಲೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿತು. ಡೆನ್ಮಾರ್ಕಿನ ಜನಪದ ಶಾಲೆಗಳ ಮಾದರಿಯಲ್ಲಿ ಅದು ಕಟ್ಟಿದ ವಿದ್ಯಾಪೀಠಗಳಿಗೆ ಹಳ್ಳಿಯ ಯುವಕರು ಬಂದು ಕೆಲವು ತಿಂಗಳು ಇದ್ದು, ಕೃಷಿ, ಕಸುಬು, ಪೌರನೀತಿ ಕಲಿತು ಊರಿಗೆ ಮರಳುತ್ತಿದ್ದರು. ಅಂಥ ಮೊದಲ ವಿದ್ಯಾಪೀಠ ನಂಜನಗೂಡಿನದು. ಕನ್ನಡದಲ್ಲಿ ಸಮುದಾಯ ಕಾಲೇಜಿನ ಅಜ್ಜನನ್ನು ಹುಡುಕುವವರಿಗೆ ಅಮೆರಿಕಕ್ಕಿಂತ ನಂಜನಗೂಡು ಹತ್ತಿರ.

ಎನ್‌ಎಸ್‌ಎಸ್ ಬಂದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಅದನ್ನು ಆರಂಭಿಸಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಸಂಸ್ಥೆಯನ್ನು ಕಟ್ಟಿದವರೂ ಅವರೇ. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಯೋಜನೆ ಹೊರಟಿತು. ಕೊನಾರ್ಕದ ರಥದ ಚಕ್ರ ಅದರ ಗುರುತು, ‘ನನಗಲ್ಲ, ನಿನಗೆ’ ಎಂಬುದು ಧ್ಯೇಯವಾಕ್ಯ. ಸೇರಿದ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ವರ್ಷಕ್ಕೆ 120ರಂತೆ. ಅದರ ಜೊತೆಗೆ ದತ್ತು ತೆಗೆದುಕೊಂಡ ಗ್ರಾಮದಲ್ಲಿ ಏಳು ದಿನದ ಒಂದು ವಿಶೇಷ ಶಿಬಿರ. ಎರಡೂ ಆದರೆ ಪ್ರಮಾಣಪತ್ರ.

ಶಿಬಿರದ ದಿನಚರಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಊರಿನ ಸರ್ಕಾರಿ ಶಾಲೆಯೇ ಬಿಡಾರ. ಬೆಂಚುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಒಂದು ಕೋಣೆಯಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಹುಡುಗರು. ಬೆಳಿಗ್ಗೆ ಧ್ವಜಾರೋಹಣ, ಉಪ್ಪಿಟ್ಟು ಅಥವಾ ಅವಲಕ್ಕಿ, ಆಮೇಲೆ ಹಾರೆ, ಗುದ್ದಲಿ, ಕತ್ತಿ ಹಿಡಿದು ಶ್ರಮದಾನ. ಶಾಲೆಯ ಅಂಗಳ ಸಮತಟ್ಟು ಮಾಡುವುದು, ರಸ್ತೆಬದಿಯ ಚರಂಡಿ ಬಿಡಿಸುವುದು, ಇಂಗುಗುಂಡಿ ತೆಗೆಯುವುದು, ಕಾಂಪೌಂಡಿಗೆ ಸುಣ್ಣ ಬಳಿಯುವುದು. ಮಧ್ಯಾಹ್ನ ಉಪನ್ಯಾಸ. ಊಟದ ಮೇಲೆ ಒಂದೂವರೆ ಗಂಟೆ ನಡೆಯುವ ಈ ಉಪನ್ಯಾಸದಲ್ಲಿ ಎಚ್ಚರವಾಗಿರುವುದೂ ಒಂದು ಬಗೆಯ ಶ್ರಮದಾನವೇ. ಸಂಜೆ ಜಾಥಾ ಅಥವಾ ಮನೆಮನೆ ಸಮೀಕ್ಷೆ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳನೆಯ ದಿನ ಸಮಾರೋಪ. ಅಷ್ಟರಲ್ಲಿ ಅಡುಗೆಯ ಸರದಿ ಬಂದವರು ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಐವತ್ತು ಮಂದಿಗೆ ಸಾರು ಕಾಯಿಸುವುದನ್ನು ಕಲಿತಿರುತ್ತಾರೆ. ಶಿಬಿರದಿಂದ ಊರಿಗೆ ಏನು ಸಿಕ್ಕಿತು ಎಂಬುದು ಚರ್ಚೆಯ ವಿಷಯ. ಶಿಬಿರಾರ್ಥಿಗೆ ಏನು ಸಿಕ್ಕಿತು ಎಂಬುದರಲ್ಲಿ ಅಂಥ ಸಂಶಯವಿಲ್ಲ.

ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಈ ಸೀಮೆಯಲ್ಲಿ ಹೊರಗಿನ ಶಿಬಿರ ಯೋಚಿಸುವಂತೆಯೇ ಇಲ್ಲ. ಹಾಗಾಗಿ ಡಿಸೆಂಬರಿನಿಂದ ಮಾರ್ಚಿನ ನಡುವೆ, ಪರೀಕ್ಷೆ ಇಲ್ಲದ ಒಂದು ವಾರ ಹುಡುಕಬೇಕು. ಕಾಫಿಗೆ ಅದೇ ಸುಗ್ಗಿ. ಅರೇಬಿಕಾ ಹಣ್ಣು ನವೆಂಬರಿನಲ್ಲಿ ಕೆಂಪಾಗತೊಡಗಿದರೆ ಜನವರಿ ದಾಟುವವರೆಗೂ ಕೊಯ್ಲು; ಅದು ಮುಗಿಯುವ ಮುಂಚೆಯೇ ರೊಬಸ್ಟಾ ಶುರುವಾಗಿ ಮಾರ್ಚಿಗೆ ಮುಟ್ಟುತ್ತದೆ. ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋದ ಆಳು ಸಂಜೆ ಹಣ್ಣು ತೂಗಿಸಿ, ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಕೆ.ಜಿ. ಬರೆಸಿಯೇ ಲೈನಿಗೆ, ಅಂದರೆ ಕಾರ್ಮಿಕರ ಸಾಲುಮನೆಗೆ, ಮರಳುವುದು. ಕೆ.ಜಿ. ಲೆಕ್ಕದ ಕೂಲಿ ಕೈಗೆ ಸಿಗುವ ದಿನಗಳವು. ಆಗ ಸ್ವಚ್ಛತೆಯ ಮೇಲಿನ ಭಾಷಣ ಕೇಳಲು ಒಂದು ಗಂಟೆ ಬಿಟ್ಟು ಬಾ ಎಂದರೆ ಬರುವವರಾರು? ಸಣ್ಣ ಬೆಳೆಗಾರನಿಗೆ ಇನ್ನೂ ಕಷ್ಟ. ಹಗಲು ಕೊಯ್ಲು, ರಾತ್ರಿ ಪಲ್ಪರ್, ಬೆಳಿಗ್ಗೆ ಕಣದಲ್ಲಿ ಹರವಿದ ಕಾಫಿ ಕೈಯಾಡಿಸುವುದು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವುದು. ಶಿಬಿರಾರ್ಥಿಗಳಲ್ಲೂ ಕೆಲವರು ರಜೆ ಸಿಕ್ಕರೆ ಅಪ್ಪ ಅಮ್ಮನ ಜೊತೆ ಹಣ್ಣು ಕೊಯ್ಯಲು ಹೋಗಬೇಕಾದವರು. ಏಳು ದಿನದ ಶಿಬಿರವೆಂದರೆ ಅವರ ಮನೆಗೆ ಏಳು ದಿನದ ಕೂಲಿ. ಸೇವೆಯ ಈ ಬೆಲೆಗೆ ಯಾವ ವರದಿಯಲ್ಲೂ ಕಾಲಂ ಇಲ್ಲ.

ಎರಡನೆಯ ತೊಡಕು ಊರಿನ ಆಕಾರದ್ದು. ಮಲೆನಾಡಿನ ಗ್ರಾಮ ಕಾಗದದ ಮೇಲೆ ಒಂದು ಗ್ರಾಮ. ನೆಲದ ಮೇಲೆ ಗುಡ್ಡಕ್ಕೊಂದು ಮನೆ, ತೋಟದ ನಡುವೆ ಒಂದು ಬಂಗಲೆ, ಅದರಾಚೆ ಸಾಲು ಲೈನ್‌ಮನೆ, ಹಳ್ಳ ದಾಟಿದರೆ ಕಾಡಂಚಿನ ಒಂದು ಹಾಡಿ. ಬಯಲುಸೀಮೆಯಲ್ಲಿ ಫಲಕ ಹಿಡಿದು ಘೋಷಣೆ ಕೂಗುತ್ತ ಹೊರಟ ಜಾಥಾವನ್ನು ನೋಡಲು ಜಗಲಿಯ ತುಂಬ ಜನ ನಿಲ್ಲುತ್ತಾರೆ. ಇಲ್ಲಿ ಅದೇ ಜಾಥಾ ಎರಡು ಕಿಲೋಮೀಟರ್ ನಡೆದರೂ ಎದುರಾಗುವುದು ಸಿಲ್ವರ್ ಓಕ್ ಮರಗಳು, ಒಂದು ಪಿಕಪ್ ಜೀಪು ಮತ್ತು ಗೇಟಿನ ಹಿಂದಿನಿಂದ ಬೊಗಳುವ ನಾಯಿ. 2019ರ ಆಗಸ್ಟಿನ ಮಳೆಯಲ್ಲಿ ಆಗಿನ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜರಿದು ಮನೆಗಳು ನೆಲಸಮವಾದಾಗಲೂ ಕಷ್ಟ ಇದೇ ಆಗಿತ್ತು: ಚದುರಿದ ಮನೆಗಳನ್ನು ಒಂದೊಂದಾಗಿ ಮುಟ್ಟಬೇಕು, ಮುಟ್ಟುವ ದಾರಿಯೇ ಕುಸಿದಿರುತ್ತದೆ.

ಇದನ್ನು ಅರಿತ ಎನ್‌ಎಸ್‌ಎಸ್ ಕಾರ್ಯಕ್ರಮ ಅಧಿಕಾರಿಗಳು ಬೀದಿ ಹುಡುಕುವುದನ್ನು ಬಿಟ್ಟು ಜನ ತಾವಾಗಿ ಸೇರುವ ಜಾಗ ಹುಡುಕುತ್ತಾರೆ. ಸಂತೆಯ ದಿನದ ಬಸ್‌ಸ್ಟ್ಯಾಂಡು, ಪಡಿತರ ಕೊಡುವ ದಿನದ ಸೊಸೈಟಿ ಅಂಗಡಿ, ಸಂಜೆ ಹಣ್ಣು ತೂಗುವ ಕಣ. ಕಣದಲ್ಲಿ ತಕ್ಕಡಿಗೆ ಕಾಯುವ ಕಾಲು ಗಂಟೆಯಲ್ಲಿ ರಕ್ತದೊತ್ತಡ ನೋಡಿ ಒಂದು ಮಾತು ಹೇಳಿದರೆ, ಶಾಲೆಯ ಶಾಮಿಯಾನದಲ್ಲಿ ಮಾಡಿದ ಆರೋಗ್ಯ ತಪಾಸಣೆಗಿಂತ ಹೆಚ್ಚು ಜನಕ್ಕೆ ತಲುಪುತ್ತದೆ. ಭಾನುವಾರ ಲೈನ್‌ಮನೆಗಳ ಮುಂದೆ ಆಡುವ ಕಿರುನಾಟಕಕ್ಕೂ ಜನ ಸಿಗುತ್ತಾರೆ. ಆದರೆ ಈಚೆಗೆ ಲೈನ್‌ಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅವರ ಮುಂದೆ ಕನ್ನಡದ ನಾಟಕ ಆಡಿ ಚಪ್ಪಾಳೆ ಗಿಟ್ಟಿಸಬಹುದು, ವಿಷಯ ದಾಟಿಸುವುದು ಬೇರೆ ಮಾತು. ಅವರ ಮಕ್ಕಳನ್ನು ಹತ್ತಿರದ ಅಂಗನವಾಡಿಗೋ ಶಾಲೆಗೋ ಸೇರಿಸಲು ಒಂದು ಸಂಜೆ ಓಡಾಡಿದರೆ ಅದು ಹತ್ತು ನಾಟಕಕ್ಕೆ ಸಮ.

ಕಾಡೂ ತನ್ನ ಷರತ್ತು ಹಾಕುತ್ತದೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದದ್ದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಅದು ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವ ಉಣ್ಣೆಗಳು ಚುರುಕಾಗಿರುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ಶಿಬಿರದ ಕಾಲದಲ್ಲಿ. ಕಾಡಂಚಿನಲ್ಲಿ ಗಿಡಗಂಟಿ ಸವರುವ ಶ್ರಮದಾನ ಇಟ್ಟುಕೊಂಡರೆ ಪೂರ್ತಿ ತೋಳಿನ ಅಂಗಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ, ಮರಳಿ ಬಂದ ಮೇಲೆ ಬಿಸಿನೀರ ಸ್ನಾನ ಕಡ್ಡಾಯ. ಈ ಮೂರನ್ನು ಶಿಬಿರಾರ್ಥಿಗಳು ತಾವು ಮಾಡಿ ತೋರಿಸಿದರೆ ಸೌದೆಗೆ, ದರಗಿಗೆ ಕಾಡಿಗೆ ಹೋಗುವ ಮನೆಗಳಿಗೆ ಬೇರೆ ಭಾಷಣ ಬೇಡ. ಮೂಡಿಗೆರೆ ಭಾಗದಲ್ಲಿ ಆನೆಯ ಓಡಾಟ ಬೇರೆ. ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮ ಮುಗಿದ ಮೇಲೆ ಪ್ರೇಕ್ಷಕರು ತೋಟದ ದಾರಿಯಲ್ಲಿ ನಡೆದು ಹೋಗಬೇಕಾದ ಕಡೆ, ಕತ್ತಲಾಗುವ ಮೊದಲೇ ಪರದೆ ಎಳೆಯುವುದು ಜಾಣತನ.

ಏಳು ದಿನದಲ್ಲಿ ಒಂದು ಊರು ಅರ್ಥವಾಗುವುದಿಲ್ಲ. ಅದಕ್ಕೆ ಪರಿಹಾರದಂತಿರುವ ಒಂದು ಕ್ರಮ ಇದೇ ಸೀಮೆಯಲ್ಲಿದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ತೋಟಗಾರಿಕಾ ಕಾರ್ಯಾನುಭವ ಎಂಬ ಪಠ್ಯದ ಭಾಗವಾಗಿ ಹಲವು ವಾರ ಹಳ್ಳಿಯಲ್ಲೇ ಉಳಿಯುತ್ತಾರೆ. ಮೊದಲ ದಿನಗಳ ಕೆಲಸ ನಕ್ಷೆ ಬಿಡಿಸುವುದು. ಪೇಪರಿನ ಮೇಲಲ್ಲ, ಶಾಲೆಯ ಅಂಗಳದ ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ನೀಲಿ ಎಳೆದರೆ ಹಳ್ಳ, ಹಸಿರು ಚೆಲ್ಲಿದರೆ ತೋಟ, ಕೆಂಪು ಚುಕ್ಕಿ ಇಟ್ಟರೆ ಮನೆ. ಬಿಡಿಸುವವರು ವಿದ್ಯಾರ್ಥಿಗಳು, ತಿದ್ದುವವರು ಊರಿನವರು. ಸುತ್ತ ನಿಂತವರಲ್ಲಿ ಒಬ್ಬರು ಹಳ್ಳ ಆ ಕಡೆ ತಿರುಗುವುದಲ್ಲ, ಈ ಕಡೆ ಎಂದು ಕಾಲಲ್ಲೇ ನೀಲಿ ಗೆರೆ ಅಳಿಸುತ್ತಾರೆ. ಇನ್ನೊಬ್ಬರು ಕೆರೆ ಬಿಟ್ಟುಹೋಗಿದೆ ಎನ್ನುತ್ತಾರೆ. ಆ ಕೆರೆ ಒತ್ತುವರಿಯಾಗಿ ಎಷ್ಟು ವರ್ಷವಾಯಿತು ಎಂದು ಮೂರನೆಯವರು ದನಿ ತಗ್ಗಿಸಿ ಸೇರಿಸುತ್ತಾರೆ. ಪಹಣಿಯಲ್ಲಿ ಸಿಗದ ಸಂಗತಿ ರಂಗೋಲಿಯಲ್ಲಿ ಸಿಗುತ್ತದೆ. ನಕ್ಷೆ ಆದ ಮೇಲೆ ಬೋರ್ಡೋ ದ್ರಾವಣ ಹದ ಮಾಡುವ, ಕಾಳುಮೆಣಸಿನ ಬಳ್ಳಿಯ ಸೊರಗು ರೋಗ ತಡೆಯುವ, ಅರೇಬಿಕಾದ ಬಿಳಿ ಕಾಂಡಕೊರಕ ಹೊಕ್ಕ ಗಿಡ ಗುರುತಿಸಿ ಕಿತ್ತು ಸುಡುವ ಪ್ರಾತ್ಯಕ್ಷಿಕೆಗಳು. ಕಾಂಡಕೊರಕದ ವಿಷಯದಲ್ಲಿ ಬೆಳೆಗಾರರೇ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಉಂಟು. ಮೂಡಿಗೆರೆಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ಬಾಳೆಹೊನ್ನೂರಿನ ಬಳಿ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಇದೆ. ವಿದ್ಯಾರ್ಥಿಗೆ ಗೊತ್ತಾಗದ ಪ್ರಶ್ನೆಯನ್ನು ಕೇಳಲು ಜಾಗ ದೂರವಿಲ್ಲ.

ಕಸುಬು ಕಲಿಸುವ ಕಡೆಯಲ್ಲಿ ಈ ಬೆಟ್ಟದವರು ಕಣ್ಣು ಹಾಯಿಸುವುದು ಘಟ್ಟದ ಕೆಳಗೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಉಜಿರೆ. ಅಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಊಟ, ವಸತಿ ಸಹಿತ ಉಚಿತ ತರಬೇತಿ, ಕೆಲವೇ ವಾರಗಳ ಕೋರ್ಸು, ಮುಗಿದ ಮೇಲೆ ಬ್ಯಾಂಕ್ ಸಾಲದ ದಾರಿ ತೋರಿಸುವುದು, ಆಮೇಲೂ ಒಂದಷ್ಟು ಕಾಲ ಅಂಗಡಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೆ ಹಬ್ಬಿಸಿತು. ಪದವಿ ಕಾಲೇಜುಗಳ ವಿಸ್ತರಣಾ ಕೆಲಸಕ್ಕೂ ರುಡ್‌ಸೆಟ್‌ಗೂ ದೊಡ್ಡ ಅಂತರ ಇರುವುದು ಆಮೇಲೂ ವಿಚಾರಿಸುವ ಈ ಅಂಶದಲ್ಲಿ. ಶಿಬಿರಕ್ಕೆ ಸಮಾರೋಪವಿದೆ, ವಿಚಾರಿಸುವ ಪದ್ಧತಿ ಇಲ್ಲ. ಕಳೆದ ವರ್ಷ ತೆಗೆದ ಇಂಗುಗುಂಡಿಯ ಸ್ಥಿತಿ ನೋಡಲು ಈ ವರ್ಷ ಯಾರೂ ಹೋಗುವುದಿಲ್ಲ, ಏಕೆಂದರೆ ಈ ವರ್ಷದ ಶಿಬಿರ ಬೇರೆ ಊರಿನಲ್ಲಿ. ಒಂದೇ ಗ್ರಾಮವನ್ನು ಸತತವಾಗಿ ಕೆಲವು ವರ್ಷ ಹಿಡಿಯಬೇಕು ಎಂಬುದು ದತ್ತು ಗ್ರಾಮದ ಮೂಲ ಆಶಯ. ಅದು ಸಡಿಲಾದ ಕಡೆಗಳಲ್ಲಿ ಕೆಲಸವೂ ಸಡಿಲಾಗಿದೆ.

ಕುದುರೆಮುಖ ಪಟ್ಟಣದ ಕಥೆ ಇಲ್ಲಿ ಪ್ರಸ್ತುತ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಕಾಡಿನ ನಡುವೆ ಊರನ್ನೇ ಕಟ್ಟಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕ್ರೀಡಾಂಗಣ ಎಲ್ಲ ಬಂದವು; ಸಂಸೆ, ಕಳಸದ ಕಡೆಯವರಿಗೂ ಅವುಗಳ ನೆರಳು ಸಿಕ್ಕಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ರಾಷ್ಟ್ರೀಯ ಉದ್ಯಾನ ಉಳಿಯಿತು, ಊರು ಖಾಲಿಯಾಯಿತು. ಗಣಿಯನ್ನು ನಂಬಿದ್ದ ಸವಲತ್ತುಗಳು ಗಣಿಯ ಜೊತೆಗೇ ಹೋದವು. ಆ ಮೇಲೆ ಈ ಮೂಲೆಯ ಮಕ್ಕಳ ಓದಿಗೆ ಕಳಸ, ಮೂಡಿಗೆರೆ, ಕೊಪ್ಪದ ಸರ್ಕಾರಿ ಸಂಸ್ಥೆಗಳು ಮೊದಲಿಗಿಂತ ಹೆಚ್ಚು ಮುಖ್ಯವಾದವು.

ಓದು ಎಂದರೆ ಬಸ್ಸು. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯ ಕಾರ್ಮಿಕರು ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಒಳದಾರಿಗಳಲ್ಲಿ ಓಡಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟು, ಒಂದು ತಲೆಮಾರನ್ನೇ ಕಾಲೇಜಿಗೆ ಮುಟ್ಟಿಸಿತು. 2020ರ ಫೆಬ್ರುವರಿಯಲ್ಲಿ ಅದು ನಿಂತಿತು. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಖಾಸಗಿ ಬಸ್ಸೇ ಗತಿಯಾದ ದಾರಿಗಳಲ್ಲಿ ಆ ಉಚಿತ ನಡೆಯುವುದಿಲ್ಲ. ಕಾಲೇಜಿನ ಯಾವುದೇ ಸಂಜೆ ಕಾರ್ಯಕ್ರಮಕ್ಕೆ ಮೊದಲು ಕೇಳುವ ಪ್ರಶ್ನೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು. ವಾರ್ಷಿಕೋತ್ಸವವೂ ಅದಕ್ಕೆ ಬಗ್ಗಿಯೇ ನಡೆಯುತ್ತದೆ.

ವಾರ್ಷಿಕ ವರದಿಯ ಓದು ಪ್ರಾರ್ಥನೆ, ಸ್ವಾಗತ ಮುಗಿದು ಅತಿಥಿಗಳ ಭಾಷಣ ಶುರುವಾಗುವ ಮಧ್ಯದ ಹೊತ್ತಿನಲ್ಲಿ. ಫಲಿತಾಂಶದ ಶೇಕಡಾವಾರು, ರ್‍ಯಾಂಕು, ಕಬಡ್ಡಿಯಲ್ಲಿ ಗೆದ್ದವರು, ನಿವೃತ್ತರಾದವರು, ವರ್ಗವಾಗಿ ಬಂದವರು, ರಕ್ತದಾನ ಶಿಬಿರ, ಎನ್‌ಎಸ್‌ಎಸ್. ತಮ್ಮ ತರಗತಿಯವರ ಹೆಸರು ಬಂದಾಗ ಹಿಂದಿನ ಸಾಲಿನಿಂದ ಶಿಳ್ಳೆ. ನೃತ್ಯಕ್ಕೆ ಬಣ್ಣ ಹಚ್ಚಿಕೊಂಡವರು ವೇದಿಕೆಯ ಪಕ್ಕ ಚಡಪಡಿಸುತ್ತಿರುತ್ತಾರೆ. ಶಿಬಿರ ನಡೆದ ಊರಿನ ಪಂಚಾಯಿತಿ ಅಧ್ಯಕ್ಷರನ್ನು ವೇದಿಕೆಗೆ ಕರೆಯುವ ರೂಢಿ ಇದೆ. ಅಡುಗೆಗೆ ಪಾತ್ರೆ, ಸೌದೆ ಕೊಟ್ಟವರನ್ನು ಕರೆಯುವ ರೂಢಿ ಇನ್ನೂ ಬಂದಿಲ್ಲ.

ಇದೇ ವರದಿಗೆ ಇನ್ನೊಬ್ಬ ಕೇಳುಗನಿದ್ದಾನೆ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ನೆಲೆಯಾಗಿದೆ; ಮಾನ್ಯತೆ ಪಡೆದ ಕಾಲೇಜುಗಳು ಅದಕ್ಕೆ ವರ್ಷ ವರ್ಷ ಗುಣಮಟ್ಟ ವರದಿ ಸಲ್ಲಿಸಬೇಕು. ಅದರ ಏಳು ಮಾನದಂಡಗಳಲ್ಲಿ ಮೂರನೆಯದು ಸಂಶೋಧನೆ ಮತ್ತು ವಿಸ್ತರಣೆಗೆ ಸಂಬಂಧಿಸಿದ್ದು. ವರ್ಷದಲ್ಲಿ ಎಷ್ಟು ವಿಸ್ತರಣಾ ಕಾರ್ಯಕ್ರಮ, ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು, ದಾಖಲೆ ಎಲ್ಲಿ. ದಾಖಲೆ ಎಂದರೆ ಸ್ಥಳ, ಸಮಯ ನಮೂದಾದ ಫೋಟೊ. ಪರಿಣಾಮವಾಗಿ ಈಚಿನ ಶ್ರಮದಾನಗಳಲ್ಲಿ ಗುದ್ದಲಿ ನೆಲಕ್ಕೆ ತಾಕುವ ಮೊದಲೇ ಬ್ಯಾನರ್ ಕಟ್ಟಿರುತ್ತದೆ. ನೆಟ್‌ವರ್ಕ್ ಸಿಗದ ಕಣಿವೆಯಲ್ಲಿ ಸ್ಥಳದ ಗುರುತು ಮೂಡದೆ, ಫೋನನ್ನು ಮೇಲಕ್ಕೆತ್ತಿ ದಿಬ್ಬ ಹತ್ತುವ ದೃಶ್ಯವೂ ಮಾಮೂಲು. ಎಣಿಕೆಗೆ ಸಿಗುವ ಕೆಲಸವೇ ಹೆಚ್ಚುವುದು ಇಂಥ ಏರ್ಪಾಡಿನ ಸಹಜ ಗುಣ. ಒಂದು ಜಾಥಾಕ್ಕೆ ನೂರು ಮಂದಿ ಎಂದು ಬರೆಯಬಹುದು. ಮೂವರು ವಿದ್ಯಾರ್ಥಿಗಳು ವರ್ಷವಿಡೀ ಒಂದು ಲೈನಿನ ಮಕ್ಕಳಿಗೆ ಓದು ಹೇಳಿಕೊಟ್ಟರೆ ಆ ಕಾಲಂನಲ್ಲಿ ಬರುವ ಸಂಖ್ಯೆ ಮೂರು. ಆದರೂ ಲೆಕ್ಕ ಕೇಳುವವರೇ ಇಲ್ಲದಿದ್ದ ಕಾಲಕ್ಕಿಂತ ಇದು ಮೇಲು. ಫೋಟೊಗಾಗಿಯಾದರೂ ಒಂದು ಊರಿಗೆ ಹೋದವರು ಊರನ್ನು ನೋಡಿ ಬಂದಿರುತ್ತಾರೆ.

ನ್ಯಾಕ್ ಕೇಳದ, ವೇದಿಕೆಯಲ್ಲೂ ಓದದ ಮೂರನೆಯ ವರದಿಯೊಂದು ಉಳಿಯುತ್ತದೆ, ಕಾಲೇಜಿನ ವಾರ್ಷಿಕ ಸಂಚಿಕೆ. ಪ್ರವೇಶ ಶುಲ್ಕದಲ್ಲೇ ಅದಕ್ಕೆ ಹಣ ಕಟ್ಟಿಸಿಕೊಂಡಿರುತ್ತಾರೆ. ಅಧ್ಯಕ್ಷರ ಸಂದೇಶ, ಪ್ರಾಂಶುಪಾಲರ ನುಡಿ, ಆರ್ಟ್ ಪೇಪರಿನ ಬಣ್ಣದ ಫೋಟೊಗಳು ದಾಟಿದರೆ ಕನ್ನಡ ವಿಭಾಗ. ಅಮ್ಮನ ಮೇಲೆ, ಮಳೆಯ ಮೇಲೆ, ಗೆಳೆತನದ ಮೇಲೆ ಕವಿತೆಗಳು. ಅವುಗಳ ನಡುವೆ ಎಲ್ಲೋ ಎರಡು ಪುಟ ಶಿಬಿರದ ಅನುಭವ ಇರುತ್ತದೆ. ಮೂಡಿಗೆರೆ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಇದ್ದ ಊರು, ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ; ಹುಳುಹುಪ್ಪಟೆ, ಹಕ್ಕಿ, ಹಳ್ಳದ ಬಗ್ಗೆ ಬರೆದರೂ ಸಾಹಿತ್ಯವೇ ಎಂಬ ಧೈರ್ಯ ಇಲ್ಲಿನ ಹುಡುಗರಿಗೆ ಸ್ವಲ್ಪ ಹೆಚ್ಚು. ಒಂದು ರಾತ್ರಿ ಜೀರುಂಡೆ ಸದ್ದಿಗೆ ನಿದ್ದೆ ಬಾರದೆ ಕೂತದ್ದು, ಸಮೀಕ್ಷೆಗೆ ಹೋದ ಮನೆಯಲ್ಲಿ ಫಾರಂ ತುಂಬುವ ಮೊದಲು ಬೆಲ್ಲದ ಕಾಫಿ ಕುಡಿಸಿದ್ದು, ಶೌಚಾಲಯ ಇದೆಯೇ ಎಂದು ಕೇಳಲು ನಾಲಿಗೆ ಏಳದೆ ಮುಂದಿನ ಪ್ರಶ್ನೆಗೆ ಹಾರಿದ್ದು ಇಂಥ ಪುಟಗಳಲ್ಲಿ ಸಿಗುವ ಸಂಗತಿಗಳು.

ಸಂಚಿಕೆ ಹೊರಬರುವುದು ಯಾವಾಗಲೂ ತಡ. ಲೇಖನ ಕೊಡುವವರು ಸತಾಯಿಸುತ್ತಾರೆ, ಪ್ರೂಫ್ ತಿದ್ದುವ ಅಧ್ಯಾಪಕರು ಮೌಲ್ಯಮಾಪನಕ್ಕೆ ಹೋಗಿರುತ್ತಾರೆ. ಅಷ್ಟರಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿ, ಉದುರಿ, ಕಾಯಿ ಕಚ್ಚಿರುತ್ತದೆ. ಅಂತಿಮ ವರ್ಷದವರಿಗೆ ಸಂಚಿಕೆ ಕೈಗೆ ಸಿಗುವುದು ಅಂಕಪಟ್ಟಿಗೋ ಟಿಸಿಗೋ ಕಾಲೇಜಿಗೆ ಬಂದ ದಿನ, ಆಫೀಸಿನ ಕಿಟಕಿಯಲ್ಲಿ ಸಹಿ ಹಾಕಿದ ಮೇಲೆ.